ಬ್ಲೌಸ್ ಹುಕ್ ಹಾಕೋಕೆ ಆಗ್ತಿದೆಯಾ ಅಮ್ಮಾ?

ಬೆಂಗಳೂರಿನ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡಿನಲ್ಲಿ ನಾನು ಕೀಮೋ ಕೊಡುವ ನರ್ಸ್. ಯಾವ ಔಷಧಿ, ಎಷ್ಟು ಡೋಸ್ ಎಂಬುದು ಡಾಕ್ಟರ್ ಕೆಲಸ. ಕ್ಯಾನ್ಸರಿಗೆ ಕೊಡುವ ಕೆಲವು ಕೀಮೋ ಔಷಧಿಗಳಿಂದ ಕೈಕಾಲಿನ ನರಕ್ಕೆ ಪೆಟ್ಟು ಬೀಳುತ್ತದೆ. ಅದರ ಸುಳಿವು ಮಾತ್ರ ಬಹಳ ಸಲ ಮೊದಲು ಸಿಗುವುದು ನಮಗೆ.

"ಕೈಕಾಲು ಜೋಮು ಹಿಡಿಯುತ್ತಾ?" ಎಂದು ಕೇಳಿದರೆ ಎಷ್ಟೋ ಜನ ಇಲ್ಲ ಅಂತಾರೆ. ಹೌದು ಅಂದರೆ ಎಲ್ಲಿ ಕೀಮೋ ನಿಲ್ಲಿಸಿಬಿಡುತ್ತಾರೋ ಎಂಬ ಭಯ. ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ. ಬ್ಲೌಸ್ ಹುಕ್ ಹಾಕೋಕೆ ಆಗ್ತಿದೆಯಾ ಅಮ್ಮಾ? ನಡೆಯುವಾಗ ಚಪ್ಪಲಿ ಜಾರಿದರೆ ಗೊತ್ತಾಗುತ್ತಾ? ಒಬ್ಬರು ಅಂದರು: "ಜೋಮು ಏನಿಲ್ಲ ಸಿಸ್ಟರ್. ಹೂ ಕಟ್ಟೋವಾಗ ದಾರ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ತಿಳಿಯಲ್ಲ, ಅಷ್ಟೇ." ಅಷ್ಟೇ ಅಂತೆ! ಆ ಮಾತನ್ನು ಹಾಗೇ ಫೈಲಿನಲ್ಲಿ ಬರೆದೆ. ಡಾಕ್ಟರ್ ಡೋಸ್ ಇಳಿಸಿದರು. ಡೋಸ್ ಇಳಿಸುವುದು, ಮುಂದೂಡುವುದು, ಔಷಧಿ ಬದಲಿಸುವುದು: ನರ ಉಳಿಸಲು ಇವತ್ತಿಗೂ ಇದೇ ಮುಖ್ಯ ದಾರಿ. ಅದಕ್ಕೆ ಸುಳಿವು ಬೇಗ ಸಿಗಬೇಕು.

ವಾರಕ್ಕೊಮ್ಮೆ ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೋ ಔಷಧಿ ತೆಗೆದುಕೊಳ್ಳುವವರಿಗೆ ಡಾಕ್ಟರ್ ಒಪ್ಪಿದರೆ ಕೈಕಾಲಿಗೆ ತಣ್ಣನೆಯ ಜೆಲ್ ಪ್ಯಾಕ್ ಕಟ್ಟುತ್ತೇವೆ. ತಂಪಿಗೆ ರಕ್ತನಾಳ ಕುಗ್ಗುತ್ತದೆ, ಬೆರಳ ತುದಿಗೆ ಹೋಗುವ ಔಷಧಿ ಕಡಿಮೆಯಾಗುತ್ತದೆ. ಡ್ರಿಪ್ ಶುರುವಾಗುವ 15 ನಿಮಿಷ ಮೊದಲೇ ಕಟ್ಟಬೇಕು, ಮುಗಿದ ಮೇಲೂ 15 ನಿಮಿಷ ಬಿಡಬೇಕು. ನೇರವಾಗಿ ಚರ್ಮಕ್ಕೆ ತಾಗಿಸಬಾರದು, ಮಧ್ಯೆ ತೆಳುವಾದ ಹತ್ತಿ ಬಟ್ಟೆ ಇರಲಿ. ಪ್ಯಾಕ್ ಕರಗುತ್ತಿದ್ದಂತೆ ಬದಲಾಯಿಸಬೇಕು. ಇಲ್ಲದಿದ್ದರೆ ಸುಮ್ನೆ ಒದ್ದೆ ಕೈ ಅಷ್ಟೇ. ಮೊದಲೇ ಸ್ಪರ್ಶ ಕಡಿಮೆಯಿರುವ ಸಕ್ಕರೆ ಕಾಯಿಲೆಯವರಿಗೆ ನಾನು ಕಟ್ಟುವುದಿಲ್ಲ, ಚರ್ಮ ಸುಟ್ಟಂತಾದರೂ ಅವರಿಗೆ ಗೊತ್ತಾಗುವುದಿಲ್ಲ. ಚಳಿ ತಡೆಯಲಾರದವರಿಗೆ ಒಂದು ಸೈಜ್ ಚಿಕ್ಕದಾದ ಸರ್ಜಿಕಲ್ ಗ್ಲೌಸ್, ಒಂದರ ಮೇಲೊಂದು ಎರಡು; ಬಿಗಿತಕ್ಕೂ ಬೆರಳಿಗೆ ರಕ್ತದ ಹರಿವು ಕಡಿಮೆಯಾಗಲಿ ಅಂತ. ಎಲ್ಲರಿಗೂ ಫಲ ಕೊಡುತ್ತದೆ ಎಂದು ಭರವಸೆ ಕೊಡಲಾರೆ. ಅಧ್ಯಯನಗಳ ಫಲಿತಾಂಶವೂ ಒಂದೇ ಥರ ಇಲ್ಲ.

ಪಕ್ಕದ ಕುರ್ಚಿಯವರು ಇದನ್ನು ನೋಡಿ "ನನಗೂ ಕಟ್ಟಿ" ಅಂತಾರೆ. ಅವರಿಗೆ ಹೋಗುತ್ತಿರುವುದು ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿ ಆದರೆ ಖಂಡಿತ ಬೇಡ. ಆ ಔಷಧಿಗೆ ತಂಪೇ ಶತ್ರು. ಫ್ರಿಜ್ಜಿಗೆ ಕೈ ಹಾಕಿದರೆ ಬೆರಳು ಚುಚ್ಚುತ್ತದೆ, ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗಿನ ನಲ್ಲಿ ನೀರೂ ಸಾಕು. ಪಾತ್ರೆ ತೊಳೆಯುವ ಕೆಲಸ ಮನೆಯಲ್ಲಿ ಬೇರೆಯವರಿಗೆ ಬಿಡಿ ಅಂತೇನೆ. ಗಂಡಂದಿರು ನನ್ನನ್ನು ದುರುಗುಟ್ಟಿ ನೋಡುತ್ತಾರೆ, ನೋಡಲಿ.

ಇನ್ನು 'ನರದ ಮಾತ್ರೆ'. ಮೆಡಿಕಲ್ ಶಾಪಿನಿಂದ ಚೀಲ ತುಂಬಾ ತರುತ್ತಾರೆ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ, ನರದ ಪೆಟ್ಟು ತಡೆಗಟ್ಟಲು ಯಾವ ಮಾತ್ರೆಯನ್ನೂ ಶಿಫಾರಸು ಮಾಡಲಿಲ್ಲ. ಅಸಿಟೈಲ್ ಎಲ್ ಕಾರ್ನಿಟಿನ್ ಎಂಬ ಪೂರಕ ಮಾತ್ರೆ ಅಂತೂ ಬೇಡವೇ ಬೇಡ ಎಂದಿತು. ವಿಟಮಿನ್ ಬಿ6 ಜಾಸ್ತಿಯಾದರೆ ಅದೇ ನರ ಕೆಡಿಸುತ್ತದೆ. ಬಿ12 ವಿಷಯ ಬೇರೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಕೊರತೆ ಸಾಮಾನ್ಯ. ರಕ್ತ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಮಾತ್ರ ಡಾಕ್ಟರ್ ಕೊಡುತ್ತಾರೆ.

ಕೀಮೋ ಮುಗಿದ ಮೇಲೂ ನಾನು ಫೋನ್ ಮಾಡಿ ಹುಕ್ ಬಗ್ಗೆ ಕೇಳುವುದುಂಟು. ಆಕ್ಸಾಲಿಪ್ಲಾಟಿನ್, ಅದೇ ಗುಂಪಿನ ಸಿಸ್‌ಪ್ಲಾಟಿನ್ ಪಡೆದವರಿಗೆ ಔಷಧಿ ನಿಂತ ನಂತರವೂ ಕೆಲವು ತಿಂಗಳು ಜೋಮು ಹೆಚ್ಚಬಹುದು. ಸ್ನಾನದ ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನೋಡಿ ಎಂದು ಆಗಲೇ ಹೇಳಿಬಿಡುತ್ತೇನೆ.