ಹಳೇ ಯೆಜ್ಡಿ ಡರ್ಟ್ ಬೈಕಿಗೆ ಹಿಂದಿನ ಶಾಕ್ ಹಾಕೋದು: ಮೊದ್ಲು ಟೇಪು, ಆಮೇಲೆ ದುಡ್ಡು

ಚಿಕ್ಕಮಗ್ಳೂರು, ಮೂಡಿಗೆರೆ, ಸಕಲೇಶಪುರ ಕಡೆ ಎಸ್ಟೇಟ್ ಶೆಡ್ಡುಗಳಲ್ಲಿ ಹಳೇ ಯೆಜ್ಡಿ ಸಿಕ್ಕಿದ್ರೆ ಹುಡುಗ್ರು ಬಿಡಲ್ಲ, ಲೈಟು, ಚೈನ್ ಕವರ್ ಎಲ್ಲಾ ಕಿತ್ತು ದಪ್ಪ ಗಂಟು ಗಂಟಿನ ಟೈರ್ ಹಾಕಿ ಮೋಟೋಕ್ರಾಸ್ ಗಾಡಿ ಮಾಡ್ತಾರೆ. ಇಂಜಿನ್ನಿಗೆ ಅಷ್ಟು ತಲೆ ಕೆಡಿಸ್ಕೊಳ್ತಾರಲ್ಲ, ಹಿಂದಿನ ಶಾಕ್ (ಶಾಕ್ ಅಬ್ಸಾರ್ಬರ್) ಮಾತ್ರ ಸ್ಪ್ರಿಂಗ್ ಬಣ್ಣ ನೋಡಿ ತರ್ತಾರೆ ಮಾರಾಯ್ರೆ. ಕೆಂಪು ಸ್ಪ್ರಿಂಗು, ಪಕ್ಕದಲ್ಲೊಂದು ಗ್ಯಾಸ್ ಡಬ್ಬಿ ಇದ್ರೆ ಮುಗೀತು. ಉದ್ದ ಸರಿ ಇದ್ಯಾ, ಸ್ಪ್ರಿಂಗು ನಿಮ್ಮ ತೂಕಕ್ಕೆ ಆಗತ್ತಾ, ಇವೆರಡು ಬಿಟ್ಟು ಬೇರೇನೂ ಮೊದ್ಲು ನೋಡೋದು ಬೇಡ. ಎರಡು ಶಾಕ್ ಇರೋ ಗಾಡಿ ಅಂತ ಬೇಜಾರೂ ಬೇಡ, 1964ರಲ್ಲಿ ಬೆಲ್ಜಿಯಂ ರೇಸರ್ ಜೋಯೆಲ್ ರೊಬೆರ್ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆಗಿದ್ದು ಝೆಕ್ ಕಂಪನಿ ಸಿಝಡ್ ಗಾಡಿ ಮೇಲೆ, ಅದೂ ಎರಡು ಶಾಕಿಂದೇ, ಯೆಜ್ಡಿ ಮೂಲವೂ ಝೆಕ್ ಜಾವಾನೇ, ಹಾಗಾಗಿ ನಮ್ಮ ಮೈಸೂರು ಯೆಜ್ಡಿಗೆ ದೊಡ್ಡಪ್ಪನ ಮಗ ಅಂದ್ಕೊಳ್ಳಿ.

ಉದ್ದ ಅಳೆಯೋದು ಹೇಗಂದ್ರೆ, ಹಳೇ ಶಾಕ್ ಬಿಚ್ಚಿ ಪೂರ್ತಿ ಚಾಚ್ಕೊಂಡಿರೋವಾಗ ಮೇಲಿನ ತೂತಿನ ಮಧ್ಯದಿಂದ ಕೆಳಗಿನ ತೂತಿನ ಮಧ್ಯಕ್ಕೆ ಅಳೀಬೇಕು. ಮಧ್ಯ ಹುಡ್ಕೋದು ಕಷ್ಟ, ಎರಡೂ ತೂತು ಒಂದೇ ಸೈಜಿದ್ರೆ ಮೇಲಿನದರ ಕೆಳಗಿನ ಅಂಚಿಂದ ಕೆಳಗಿನದರ ಕೆಳಗಿನ ಅಂಚಿಗೆ ಟೇಪ್ ಹಿಡೀರಿ, ಅದೇ ಲೆಕ್ಕ ಬರತ್ತೆ. ಗಾಡಿ ಮೇಲೇ ಇರೋವಾಗ ಅಳೀಬೇಡಿ, ಭಾರಕ್ಕೆ ಕೂತಿರತ್ತೆ. ಹೊಸದು 10 ಮಿಲಿಮೀಟರ್ ಆಚೆ ಈಚೆ ಆದ್ರೆ ನಡಿಯತ್ತೆ. ಅದಕ್ಕಿಂತ ಉದ್ದ ಹಾಕಿದ್ರೆ ಹಿಂಭಾಗ ಎದ್ದು ಮುಂದಿನ ಫೋರ್ಕ್ ಕಡಿದಾಗಿ ನಿಲ್ಲತ್ತೆ, ತಿರುವಲ್ಲಿ ಚುರುಕು ಅನ್ಸತ್ತೆ, ಆದ್ರೆ ಸ್ಪೀಡಲ್ಲಿ ಹ್ಯಾಂಡಲ್ ಅಲ್ಲಾಡತ್ತೆ, ಜೊತೆಗೆ ಚೈನು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡ್ಕೊಂಡು ಮೇಲೆ ಕೆಳಗೆ ಆಡೋ ತೋಳು) ಪಿವೋಟ್, ಅಂದ್ರೆ ಅದು ತಿರುಗೋ ಜಾಗದ ಹತ್ರ ಉಜ್ಜತ್ತೆ. ಬೇರೆ ಗಾಡಿ ಶಾಕ್ ಹಾಕೋರು ಇನ್ನೊಂದು ತಿಳ್ಕೊಳ್ಳಿ, ಕೆಳಗಿನ ಬೋಲ್ಟು ಆಕ್ಸಲಿಂದ ಮುಂದಕ್ಕೆ ಹೋದಷ್ಟೂ ಚಕ್ರ ಜಾಸ್ತಿ ಆಡತ್ತೆ, ಶಾಕ್ ಕಮ್ಮಿ ಆಡತ್ತೆ, ಹಾಗಾಗಿ ಸ್ಪ್ರಿಂಗ್ ಗಟ್ಟಿ ಬೇಕಾಗತ್ತೆ. ಆ ಗಾಡೀಲಿ ಚೆನ್ನಾಗಿತ್ತು ಅಂದ್ರೆ ಇಲ್ಲೂ ಚೆನ್ನಾಗಿರತ್ತೆ ಅಂತಲ್ಲ.

ಬಿಚ್ಚೋವಾಗ ಇಂಜಿನ್ ಕೆಳಗೆ ಮರದ ಪೆಟ್ಟಿಗೆ ಇಟ್ಟು ಹಿಂದಿನ ಚಕ್ರ ನೆಲದಿಂದ ಒಂಚೂರು ಎತ್ತಿ, ಒಂದು ಕಡೆ ಬದಲಾಯಿಸಿ ಆಮೇಲೆ ಇನ್ನೊಂದು ಕಡೆ. ಎರಡೂ ಒಟ್ಟಿಗೆ ಬಿಚ್ಚಿದ್ರೆ ಸ್ವಿಂಗ್ ಆರ್ಮ್ ಕೆಳಗೆ ಬೀಳತ್ತೆ. ನಟ್ ತುಕ್ಕು ಹಿಡಿದಿದ್ರೆ ಹಿಂದಿನ ರಾತ್ರೀನೇ ಎಣ್ಣೆ ಬಿಟ್ಟಿಡಿ, ಸುತ್ತಿಗೇಲಿ ಬಡೀಬೇಡಿ, ಶಾಕ್ ಕೂರೋ ಫ್ರೇಮಿನ ಸ್ಟಡ್ ಒಂಚೂರು ಬಾಗಿದ್ರೂ ಶಾಕ್ ಓರೆ ನಿಂತು ಸೀಲ್ ಹೋಗತ್ತೆ.

ಹೊಸ ಶಾಕಿನ ತೂತಲ್ಲಿರೋ ಬುಷ್ ಒಳಗಿನ ಸ್ಲೀವ್ (ಕೊಳವೆ) ಸ್ಟಡ್‌ಗೆ ಲೂಸ್ ಇದ್ರೆ ತಗಡು ಸುತ್ತೋ ಕೆಲ್ಸ ಮಾಡ್ಬೇಡಿ, ಲೇತ್ ಶಾಪಿಗೆ ಸ್ಟಡ್ ಅಳತೆ ಕೊಟ್ರೆ ಸ್ಲೀವ್ ಮಾಡ್ಕೊಡ್ತಾರೆ, ದೊಡ್ಡ ಖರ್ಚೇನಿಲ್ಲ. ಶಾಕ್ ನೆಟ್ಟಗೆ ನಿಲ್ಲೋ ಹಾಗೆ ವಾಷರ್ ಕೊಡಿ. ಪೂರ್ತಿ ಟೈಟ್ ಮಾಡೋ ಮುಂಚೆ ಒಂದು ಪರೀಕ್ಷೆ ಇದೆ, ಬೇಜಾರಿನ ಕೆಲ್ಸ, ಆದ್ರೆ ಬಿಡ್ಬೇಡಿ: ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ತೆಗೆದು ಶಾಕ್ ಮಾತ್ರ ಹಾಕಿ ಚಕ್ರನ ಮೇಲಕ್ಕೆ ಕೊನೇ ತನಕ ಎತ್ತಿ ನೋಡಿ, ಟೈರು ಮಡ್‌ಗಾರ್ಡಿಗೆ ತಾಗತ್ತಾ, ಸೈಲೆನ್ಸರಿಗೆ ಗ್ಯಾಸ್ ಡಬ್ಬಿ ತಾಗತ್ತಾ, ಚೈನ್ ಕಡೆ ಜಾಗ ಇದ್ಯಾ. ನಮ್ಮ ಕೆಂಪು ಮಣ್ಣು ಮೆತ್ಕೊಂಡಾಗ ಟೈರ್ ಇನ್ನೂ ದಪ್ಪ ಆಗತ್ತೆ, ಅದಕ್ಕೂ ಜಾಗ ಬಿಡಿ. ರಬ್ಬರ್ ಬುಷ್ ಆದ್ರೆ ಕೊನೇ ಟೈಟ್ ಗಾಡಿ ನೆಲದ ಮೇಲೆ ನಿಂತಿರೋವಾಗ್ಲೇ, ಇಲ್ಲಾಂದ್ರೆ ರಬ್ಬರ್ ತಿರುಚ್ಕೊಂಡೇ ಇರತ್ತೆ. ಚೈನ್ ಸಡಿಲ ನೋಡೋದು ಗೇರ್ ಬಾಕ್ಸ್ ಸ್ಪ್ರಾಕೆಟ್ಟು, ಪಿವೋಟು, ಆಕ್ಸಲ್ ಮೂರೂ ಒಂದೇ ಗೆರೇಲಿ ಬಂದಾಗ, ಚೈನ್ ಅತೀ ಬಿಗಿ ಆಗೋದು ಅಲ್ಲೇ.

ಈಗ ಸ್ಯಾಗ್, ಅಂದ್ರೆ ಭಾರಕ್ಕೆ ಗಾಡಿ ಎಷ್ಟು ಕೂರತ್ತೆ ಅನ್ನೋದು. ಕಾಫಿ ಒಣಗಿಸೋ ಕಣ ಇದ್ರೆ ಅಳೆಯೋಕೆ ಅದಕ್ಕಿಂತ ಸಮ ಜಾಗ ಇಲ್ಲ. ಚಕ್ರ ಎತ್ತಿರೋವಾಗ ಆಕ್ಸಲಿಂದ ನೇರ ಮೇಲೆ ಮಡ್‌ಗಾರ್ಡಲ್ಲಿ ಒಂದು ಗುರ್ತು ಹಾಕಿ ಅಳೆದು ಬರ್ಕೊಳ್ಳಿ. ಆಮೇಲೆ ಗಾಡಿ ತನ್ನ ಭಾರಕ್ಕೇ ನಿಂತಾಗ ಇನ್ನೊಂದ್ಸಲ, ಕೊನೇಗೆ ನೀವು ಹೆಲ್ಮೆಟ್ಟು ಬೂಟು ಹಾಕ್ಕೊಂಡು ಕೂತಾಗ ಸ್ನೇಹಿತರ ಕೈಲಿ ಮತ್ತೊಂದ್ಸಲ. ಪ್ರತೀ ಸಲ ಅಳೆಯೋ ಮುಂಚೆ ಒಂದೆರಡು ಸಲ ಒತ್ತಿ ಬಿಡಿ. ಚಕ್ರ ಆಡೋದು 100 ಮಿಲಿಮೀಟರ್ ಅಂದ್ರೆ ನೀವು ಕೂತಾಗ 30ರಿಂದ 35 ಇಳೀಬೇಕು, ಖಾಲಿ ಗಾಡಿ 10ರಿಂದ 15.

ಕೂತಾಗ ಜಾಸ್ತಿ ಇಳಿದ್ರೆ ಸಿ ಸ್ಪ್ಯಾನರಲ್ಲಿ (ಕೊಕ್ಕೆ ಥರದ ಪಾನಾ) ಸ್ಪ್ರಿಂಗ್ ಒತ್ತೋ ರಿಂಗ್ ಟೈಟ್ ಮಾಡಿ, ಎರಡೂ ಕಡೆ ಒಂದೇ ಸಮ. ಆದ್ರೆ ರಿಂಗ್ ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ, ಇದು ಸುಮಾರ್ ಜನಕ್ಕೆ ತಲೆಗೆ ಹೋಗಲ್ಲ. 2 ಕೆಜಿ/ಮಿಮೀ ಸ್ಪ್ರಿಂಗನ್ನ 10 ಮಿಲಿಮೀಟರ್ ಒತ್ತಿಟ್ರೆ ಶುರುವಲ್ಲೇ 20 ಕೆಜಿ ಹಿಡ್ಕೊಂಡಿರತ್ತೆ ಅಷ್ಟೇ, ಅಲ್ಲಿಂದ ಮುಂದೆ ಪ್ರತೀ ಮಿಲಿಮೀಟರಿಗೂ ಅದೇ 2 ಕೆಜಿ. ಹಾಗಾಗಿ ನೀವು ಕೂತಾಗ ಲೆಕ್ಕ ಸರಿ ಬಂದು ಖಾಲಿ ಗಾಡಿ ಮಾತ್ರ ಒಂಚೂರೂ ಇಳೀತಿಲ್ಲ ಅಂದ್ರೆ ಸ್ಪ್ರಿಂಗ್ ಮೆತ್ತಗಾಯ್ತು, ನೀವು ಅದನ್ನ ಹಿಂಡಿ ಹಿಡಿದಿದೀರ. ಖಾಲೀಲೇ ತುಂಬಾ ಇಳಿದ್ರೆ ಉಲ್ಟಾ, ಗಟ್ಟಿ ಜಾಸ್ತಿ. ಎರಡಕ್ಕೂ ಮದ್ದು ಸ್ಪ್ರಿಂಗ್ ಬದಲಾಯಿಸೋದು. ಇಂಪೋರ್ಟೆಡ್ ಸ್ಪ್ರಿಂಗಲ್ಲಿ ಪೌಂಡ್ ಲೆಕ್ಕ ಇದ್ರೆ ಒಂದು ಕೆಜಿ/ಮಿಮೀ ಅಂದ್ರೆ ಸುಮಾರು 56 ಪೌಂಡ್/ಇಂಚು.

ರಿಬೌಂಡ್ ಸ್ಕ್ರೂ (ಕೂತ ಶಾಕ್ ಎಷ್ಟು ಬೇಗ ವಾಪಸ್ ಏಳ್ಬೇಕು ಅಂತ ಹೊಂದಿಸೋದು) ಇದ್ರೆ ಪೂರ್ತಿ ಮುಚ್ಚಿ ಅಲ್ಲಿಂದ ಕ್ಲಿಕ್ ಎಣಿಸ್ಕೊಂಡು ಬನ್ನಿ. ಉಬ್ಬು ದಾಟಿದ್ಮೇಲೆ ಹಿಂಭಾಗ ಒದ್ದು ಮೇಲೆ ಎಸೆದ್ರೆ ಒಂದೆರಡು ಕ್ಲಿಕ್ ಮುಚ್ಚಿ, ಸಾಲಾಗಿ ಗುಂಡಿ ಬಂದಾಗ ಹಿಂದೆ ಕೂತು ಕೂತು ಮೇಲೆ ಏಳದೇ ಹೋದ್ರೆ ತೆಗೀರಿ. ಒಂದ್ಸಲಕ್ಕೆ ಒಂದೇ ಬದಲಾವಣೆ.

ಮೊದಲ ರೌಂಡ್ ಹೊಡ್ಕೊಂಡು ಬಂದ್ಮೇಲೆ ನಾಲ್ಕೂ ನಟ್ ಮತ್ತೆ ನೋಡಿ. ಮಳೆಗಾಲದಲ್ಲಿ ಗಾಡಿ ತೊಳಿಯೋವಾಗ ಪ್ರೆಶರ್ ನೀರನ್ನ ಶಾಕ್ ರಾಡಿನ ಸೀಲಿಗೆ ನೇರ ಹೊಡೀಬೇಡಿ, ಒದ್ದೆ ಬಟ್ಟೇಲಿ ಮಣ್ಣು ಒರೆಸಿದ್ರೆ ಸಾಕು. ಗ್ಯಾಸ್ ಶಾಕ್ ಲೀಕ್ ಆಯ್ತು ಅಂತ ಮನೇಲಿ ಬಿಚ್ಚೋಕೆ ಹೋಗ್ಬೇಡಿ, ವೆಲ್ಡಿಂಗ್ ಶಾಪಿಗಂತೂ ಕೊಡ್ಲೇಬೇಡಿ, ಒಳಗೆ ನೈಟ್ರೋಜನ್ ಒತ್ತಡದಲ್ಲಿರತ್ತೆ, ಶಾಕ್ ಸರ್ವಿಸ್ ಗೊತ್ತಿರೋರ ಹತ್ರಾನೇ ಕೊಡಿ.