ಹೋಗುವಾಗ ಆಟೊ, ಬರುವಾಗ ನಡಿಗೆ

ಮನೆಯಲ್ಲಿ ಒಬ್ಬನೇ ಇರುವವನಿಗೆ ಭಾನುವಾರದ ಬೆಳಗು ಹೇಗೋ ಕಳೆಯುತ್ತದೆ. ಕಳೆಯದಿರುವುದು ಮಧ್ಯಾಹ್ನ ಎರಡರಿಂದ ಐದರವರೆಗಿನ ಹೊತ್ತು. ಹೆಂಡತಿ ತೀರಿಕೊಂಡ ಮೇಲೆ ನನಗೆ ಬುದ್ಧಿ ಹೇಳಿದವರೆಲ್ಲ ಬೆಳಗಿನ ನಡಿಗೆಯನ್ನು ಹೊಗಳಿದರೇ ಹೊರತು ಆ ಮೂರು ಗಂಟೆಗಳ ಮಾತನ್ನು ಯಾರೂ ಎತ್ತಲಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯನ್ನು ಸುತ್ತಿ ಬಂದರೆ ಎಂಟಕ್ಕೆಲ್ಲ ಮನೆ ಸೇರಿರುತ್ತೇವೆ, ಆಮೇಲೆ ಇಡೀ ದಿನ ಎದುರಿಗೆ ಕುಳಿತಿರುತ್ತದೆ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳು ಹತ್ತುವಾಗ ಕೊಡದ ನೋವನ್ನು ಇಳಿಯುವಾಗ ಮಂಡಿಗೆ ಕೊಟ್ಟವು. ಒಂದು ದಿನದ ದೇವಸ್ಥಾನಗಳ ಪ್ರವಾಸಕ್ಕೆ ಸಾವಿರದ ಎಂಟುನೂರೋ ಏನೋ ಕಟ್ಟಿದರೆ, ಬಸ್ಸಿನ ಟಿ.ವಿ.ಯಲ್ಲಿ ಎರಡು ಸಿನಿಮಾ ನೋಡಿದ್ದಾಯಿತು, ದೇವರನ್ನು ನೋಡಿದ್ದು ನಿಮಿಷಗಳ ಲೆಕ್ಕದಲ್ಲಿ. ನಡಿಗೆಯ ಗುಂಪೊಂದಕ್ಕೂ ಸೇರಿದ್ದೆ. ಅಲ್ಲಿ ಕಾಲಿಗಿಂತ ಬಾಯಿಗೆ ವ್ಯಾಯಾಮ ಹೆಚ್ಚು. ಮಗಳು ಒತ್ತಾಯಿಸಿ ಕೊಡಿಸಿದ ನಾಲ್ಕೂವರೆ ಸಾವಿರದ ಶೂ ಹೆಬ್ಬೆರಳಿನ ಉಗುರನ್ನು ಕಪ್ಪು ಮಾಡಿ ಈಗ ಅಟ್ಟದ ಮೇಲಿದೆ. ಎಂಟುನೂರರ ಕ್ಯಾನ್ವಾಸ್ ಶೂವನ್ನು ಒಂದು ಅಳತೆ ದೊಡ್ಡದು ಕೊಂಡು, ದಪ್ಪ ಕಾಲುಚೀಲದೊಂದಿಗೆ ಇಂದಿಗೂ ಹಾಕುತ್ತಿದ್ದೇನೆ.

ಹೋದ ದಾರಿಯಲ್ಲೇ ಹಿಂದಿರುಗುವ ನಡಿಗೆಯಲ್ಲಿ ಬೇಸರ ಬಂದ ಕಡೆ ತಿರುಗಿಬಿಡಬಹುದು, ತಿರುಗಿಯೂ ಬಿಡುತ್ತೇವೆ. ಆದ್ದರಿಂದ ದುಡ್ಡು ಕೊಟ್ಟು ದೂರ ಹೋಗಿ, ಮನೆಯ ದಿಕ್ಕಿಗೆ ನಡೆಯಬೇಕೆಂದು ತೀರ್ಮಾನಿಸಿದೆ. ಇದನ್ನು ಹೇಳಿದಾಗ ನನ್ನ ಭಾವಮೈದುನ, 'ಭಾವ, ನಡೆಯೋದಕ್ಕೆ ಆಟೊದಲ್ಲಿ ಹೋಗೋರನ್ನ ನಾನು ಎಲ್ಲೂ ನೋಡಿಲ್ಲ' ಎಂದು ನಕ್ಕಿದ್ದ.

ಬೆಳಗಿನ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗುತ್ತೇನೆ. ಶಕ್ತಿ ಯೋಜನೆ ಗಂಡಸರಿಗಿಲ್ಲವಾದ್ದರಿಂದ ಮೂವತ್ತರ ಸುಮಾರಿಗೆ ಟಿಕೆಟ್ಟು. ಅಲ್ಲಿಂದ ಕರಿಘಟ್ಟದ ತುದಿಯವರೆಗೆ ಆಟೊ. ನೂರೈವತ್ತು ಕೇಳುತ್ತಾರೆ, ಚೌಕಾಸಿ ಮಾಡುವುದಿಲ್ಲ. ಬೆಟ್ಟದ ಮೇಲೆ ಶ್ರೀನಿವಾಸನಿಗೆ ಕೈಮುಗಿದು, ಬುಡದಲ್ಲಿ ಲೋಕಪಾವನಿ ಕಾವೇರಿಗೆ ಸೇರುವುದನ್ನು ನೋಡಿ, ಮೆಟ್ಟಿಲುಗಳನ್ನು ಬಿಟ್ಟು ವಾಹನಗಳ ಇಳಿಜಾರು ರಸ್ತೆಯಲ್ಲಿ ಇಳಿಯುತ್ತೇನೆ, ಮಂಡಿ ತಕರಾರು ಮಾಡುವುದಿಲ್ಲ. ಪಟ್ಟಣವಿರುವುದು ಪಡುವಣಕ್ಕಾದ್ದರಿಂದ ಬಿಸಿಲು ಉದ್ದಕ್ಕೂ ಬೆನ್ನಿಗೇ ಬೀಳುತ್ತದೆ. ರೈಲು ನಿಲ್ದಾಣದವರೆಗೆ ಆರೇಳು ಕಿಲೋಮೀಟರ್ ಇದ್ದೀತು. ನಾನು ಅದಕ್ಕೆ ಮೂರು ಗಂಟೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ನಿಲ್ಲದೆ ಹೋಗಲು ನನ್ನಿಂದಾಗುವುದಿಲ್ಲ.

ಪೂರ್ಣಯ್ಯನವರು ದಿವಾನರಾಗಿದ್ದಾಗ, 1804ರಲ್ಲಿ, ಕಟ್ಟಿ ಮುಗಿದ ವೆಲ್ಲೆಸ್ಲಿ ಸೇತುವೆಯ ಹತ್ತಿರ ಹೆಚ್ಚು ಹೊತ್ತು ಕಳೆಯುತ್ತೇನೆ. ಮಳೆಗಾಲದಲ್ಲಿ ಹೊರಡುವ ಮುನ್ನ ಪತ್ರಿಕೆಯಲ್ಲಿ ಕೆಆರ್‌ಎಸ್ ಮಟ್ಟವನ್ನು ನೋಡುವುದು ಎಲ್ಲರ ಅಭ್ಯಾಸ, ನಾನು 124.80 ಅಡಿಯ ಭರ್ತಿ ಮಟ್ಟಕ್ಕಿಂತ ಹೊರಹರಿವಿನ ಅಂಕಿಯನ್ನು ನೋಡುತ್ತೇನೆ. ಹೊರಹರಿವು ಕೆಲವೇ ಸಾವಿರ ಕ್ಯೂಸೆಕ್ ಇದ್ದರೆ ಬಂಡೆಗಳ ನಡುವೆ ನೀರು ಹಲವು ಸೀಳಾಗಿ ಹರಿಯುತ್ತದೆ, ಕೊಕ್ಕರೆಗಳು ಆ ಬಂಡೆಗಳ ಮೇಲೆಯೇ ನಿಂತಿರುತ್ತವೆ. ಅಂಕಿ ತೀರಾ ಏರಿದ ವಾರ ನದಿಯ ಕಡೆ ಸುಳಿಯದೆ ಬೇರೊಂದು ನಾಲೆಯ ಏರಿಯನ್ನು ಹಿಡಿಯುತ್ತೇನೆ. ಅದು ಯಾವ ನಾಲೆ ಎಂಬುದನ್ನು ಬರೆದರೆ ಅಲ್ಲಿಗೂ ಬೈಕುಗಳು ಬಂದಾವು.

ಕಬ್ಬು ಕಡಿಯುವ ತಿಂಗಳುಗಳಲ್ಲಿ ಸ್ವಲ್ಪ ಒಳಕ್ಕೆ ಹೋಗಿ ಒಂದು ಆಲೆಮನೆಯಲ್ಲಿ ಕುಳಿತುಕೊಳ್ಳುತ್ತೇನೆ. ಹಳದಿ ಬಣ್ಣದ ಬೆಲ್ಲಕ್ಕೆ ಬೆಲೆ ಹೆಚ್ಚೆಂದು ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುವವರು ಬಹಳ; ಇವರು ಇನ್ನೂ ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿಯನ್ನು ಮೇಲೆ ಬರಿಸಿ ತೆಗೆಯುತ್ತಾರೆ. ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಅದು ಬೆರಳಿಗೆ ಉಂಡೆಯಾಗಿ ಸಿಕ್ಕಿದ ಕೂಡಲೇ ಕೊಪ್ಪರಿಗೆಯನ್ನು ಇಳಿಸುತ್ತಾರೆ. ಆ ಕಪ್ಪು ಬೆಲ್ಲ ಒಂದು ಕಿಲೋ ಕೊಳ್ಳುತ್ತೇನೆ. ಬೆಲ್ಲವನ್ನು ಮುರಿದ ಅಂಚನ್ನು ನೋಡಿಯೇ ಹೈಡ್ರೋಸ್ ಬಿದ್ದಿದೆಯೋ ಇಲ್ಲವೋ ಎಂದು ಹೇಳಬಲ್ಲೆ, ಬೀದಿಯವರು ಈಗ ನನ್ನನ್ನೇ ಕೇಳಿ ಕೊಳ್ಳುತ್ತಾರೆ.

ಕೋಟೆಯೊಳಗೆ ಎರಡು ಇಡ್ಲಿ, ಒಂದು ವಡೆ. ರೈಲು ತಡವಾದರೆ, ಜೋಡಿ ಹಳಿಗಾಗಿ 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ ಟಿಪ್ಪು ಕಾಲದ ಶಸ್ತ್ರಾಗಾರದ ಬಳಿ ನಿಲ್ಲುತ್ತೇನೆ. ಒಂದು ಕಟ್ಟಡವನ್ನು ಹಾಗೆ ಎತ್ತಿ ಜರುಗಿಸಿದರೆಂಬುದು ನನಗೆ ಇನ್ನೂ ಬೆರಗು. ಹನ್ನೆರಡೂವರೆಗೆ ಮನೆ, ಬಿಸಿನೀರಿನ ಸ್ನಾನ, ಬೆಳಿಗ್ಗೆಯೇ ಕಲಸಿಟ್ಟ ಮೊಸರನ್ನ. ಎರಡಕ್ಕೆ ಮಲಗಿದರೆ ನಾಲ್ಕೂವರೆಯವರೆಗೆ ಎಚ್ಚರವಿಲ್ಲ. ನಡಿಗೆಯ ದಣಿವು ಸರಿಯಾಗಿ ಆ ಹೊತ್ತಿಗೆ ಬಂದು ಬೀಳುವಂತೆ ಹೊಂದಿಸಿದ್ದೇ ಈ ಪದ್ಧತಿಯ ಗುಟ್ಟು. ಒಂಬತ್ತಕ್ಕೆ ಮುಗಿಯುವ ನಡಿಗೆ ಎಷ್ಟು ಉದ್ದವಿದ್ದರೂ ಈ ಕೆಲಸ ಮಾಡಲಿಲ್ಲ.

ಎದ್ದ ಮೇಲಿನ ಕಾಫಿ ಪ್ರತ್ಯೇಕ ಪ್ರಯೋಗ. ಇಬ್ಬರಿಗೆಂದು ಕೊಂಡಿದ್ದ ಫಿಲ್ಟರಿಗೆ ಒಬ್ಬರ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಸರ್ರನೆ ಇಳಿದುಬಿಡುತ್ತಿತ್ತು, ಡಿಕಾಕ್ಷನ್ ನೀರು ನೀರು. ಪುಡಿ ಹೆಚ್ಚಿಸಿ ಅರ್ಧ ಚೆಲ್ಲುತ್ತಾ ತಿಂಗಳಿಗೆ ಮುನ್ನೂರು ರೂಪಾಯಿಯಷ್ಟು ಕಳೆದೆ. ಚಿಕೋರಿ ಏರಿಸಿದರೆ ಬಣ್ಣ ಬಂತು, ರುಚಿ ಬರಲಿಲ್ಲ. ಕೊನೆಗೆ ಪಾತ್ರೆ ಅಂಗಡಿಯ ಮೂಲೆಯಲ್ಲಿದ್ದ ಅತಿ ಚಿಕ್ಕ ಹಿತ್ತಾಳೆ ಫಿಲ್ಟರನ್ನು ತಂದೆ, ಪುಡಿ ದಪ್ಪಗೆ ನಿಂತು ಡಿಕಾಕ್ಷನ್ ನಿಧಾನವಾಗಿ ತೊಟ್ಟಿಕ್ಕತೊಡಗಿತು. ಪುಡಿಯನ್ನು ಅದುಮುವ ಮೊದಲು ನಾನು ಮಾಡುವ ಇನ್ನೊಂದು ಕೆಲಸವಿದೆ, ಅದು ನಮ್ಮ ಮನೆಯದು.

ಬೆಲ್ಲವನ್ನು ಬಿಟ್ಟರೆ ಇಡೀ ಭಾನುವಾರ ಮುನ್ನೂರರೊಳಗೆ ಮುಗಿಯುತ್ತದೆ. ನಕ್ಕಿದ್ದ ಭಾವಮೈದುನ ಈಗ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾನೆ. ಎರಡನೆಯ ಶನಿವಾರ ಕರೆದುಕೊಂಡು ಹೋಗುತ್ತೇನೆ, ಆಟೊ ದುಡ್ಡು ಅವನೇ ಕೊಡಬೇಕು ಎಂದಿದ್ದೇನೆ.