ಮೊದಲು ಗೆರೆ, ಆಮೇಲೆ ಬೆಳಕು

ಮಾದರಿ ರೈಲಿನ ಬೋಗಿಗಳನ್ನು ಒಂದಕ್ಕೊಂದು ಹೊಂದಿಸುವುದೆಂದರೆ ಬಣ್ಣ ಹೊಂದಿಸುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಬಣ್ಣಕ್ಕೆ ಮೂರನೆಯ ಸ್ಥಾನ. ನೀಲಿ ಐಸಿಎಫ್ ರೇಕ್‌ಗಳು (ಚೆನ್ನೈ ಕಾರ್ಖಾನೆಯ ಹಳೆಯ ವಿನ್ಯಾಸದ ಬೋಗಿಗಳ ಸಾಲುಗಳು) ಹಾಸನದ ಮೇಲೆ ಹಾದುಹೋಗುತ್ತಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಕಾರ್ಖಾನೆಯಿಂದ ಆಗಷ್ಟೇ ಬಣ್ಣ ಬಳಿಸಿಕೊಂಡು ಬಂದ ಬೋಗಿಯ ಪಕ್ಕದಲ್ಲೇ ಬಿಸಿಲಿಗೆ ಬೆಳ್ಳಗಾದ ಇನ್ನೊಂದು ಬೋಗಿ ಇರುತ್ತಿತ್ತು. ಆದರೂ ಅದು ಒಂದೇ ರೈಲು ಎಂಬುದರಲ್ಲಿ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಕಿಟಕಿಗಳ ಸಾಲಿನ ಕಡುನೀಲಿ ಪಟ್ಟಿ ಇಂಜಿನ್‌ನಿಂದ ಗಾರ್ಡಿನವರೆಗೆ ಎಲ್ಲೂ ಮುರಿಯದೆ ಹರಿಯುತ್ತಿತ್ತು, ಚಾವಣಿಗಳೂ ಒಂದೇ ಮಟ್ಟದಲ್ಲಿದ್ದವು. ಕಣ್ಣಿಗೆ ಅಷ್ಟು ಸಾಕು.

ನಾನು ಕಟ್ಟುವುದು ಎಚ್‌ಓ ಅಳತೆಯಲ್ಲಿ, ಅಂದರೆ 1:87. ಹಳಿಯ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಆದ್ದರಿಂದ ಲೆಕ್ಕದ ಪ್ರಕಾರ ಅದು ಹತ್ತೊಂಬತ್ತು ಚಿಲ್ಲರೆ ಇರಬೇಕಿತ್ತು. ಆ ವ್ಯತ್ಯಾಸವನ್ನು ನಾನು ಹಾಗೆಯೇ ನುಂಗಿಕೊಂಡಿದ್ದೇನೆ, ಪಕ್ಕದಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಐಸಿಎಫ್ ಬೋಗಿಯ ಒಡಲು ಈ ಅಳತೆಯಲ್ಲಿ ಸುಮಾರು 245 ಮಿಲಿಮೀಟರ್ ಬರುತ್ತದೆ, ಈಚಿನ, ಇನ್ನೂ ಉದ್ದನೆಯ ಎಲ್‌ಎಚ್‌ಬಿ ಬೋಗಿಯದು 270. ಇವೆರಡನ್ನೂ ಒಂದೇ ರೇಕ್‌ನಲ್ಲಿ ಬೆರೆಸಿದರೆ ಯಾವ ಬಣ್ಣವೂ ಆ ತಪ್ಪನ್ನು ಮುಚ್ಚುವುದಿಲ್ಲ.

ಬೋಗಿಗಳಲ್ಲಿ ಕೆಲವು ಸಿದ್ಧವಾಗಿ ಕೊಂಡವು, ಕೆಲವು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮನೆಯಲ್ಲೇ ಮಾಡಿದವು. ಆದ್ದರಿಂದ ಎತ್ತರ ಒಂದೊಂದಕ್ಕೆ ಒಂದೊಂದು ಬಗೆ. ಗಾಜಿನ ಹಲಗೆಯ ಮೇಲೆ ಹಳಿಯ ತುಂಡೊಂದನ್ನು ಅಂಟಿಸಿ, ಅದರ ಪಕ್ಕದಲ್ಲಿ ಕಡುನೀಲಿ ಪಟ್ಟಿಯ ಕೆಳಅಂಚಿನ ಎತ್ತರಕ್ಕೆ ಸರಿಯಾಗಿ ಸೂಜಿ ಚುಚ್ಚಿದ ಮರದ ತುಂಡು ಇಟ್ಟುಕೊಂಡಿದ್ದೇನೆ. ಪ್ರತಿ ಬೋಗಿಯನ್ನೂ ಅದರ ಮುಂದೆ ತಳ್ಳುತ್ತೇನೆ. ಸೂಜಿಯ ತುದಿ ಪಟ್ಟಿಯಿಂದ ಕೆಳಗೆ ಹೋದರೆ ಬೋಗಿ ಎತ್ತರವಾಗಿದೆ ಎಂದರ್ಥ: ಟ್ರಕ್ (ಬೋಗಿಯಡಿಯ ಚಕ್ರಗಳ ಚೌಕಟ್ಟು) ಕೂರುವ ಜಾಗವನ್ನು ಅರದಿಂದ ಉಜ್ಜುತ್ತೇನೆ. ಮೇಲೆ ಹೋದರೆ ಕಾಲು ಮಿಲಿಮೀಟರಿನ ವಾಷರ್ ಇಡುತ್ತೇನೆ. ಬೋಗಿಗಳನ್ನು ಜೋಡಿಸುವ ಕೊಂಡಿಯ ಎತ್ತರವನ್ನು ನೋಡುವುದು ಇದಾದ ಮೇಲೆಯೇ. ಮೊದಲೇ ಕೊಂಡಿ ಸರಿಮಾಡಿದರೆ ಕೆಲಸ ಎರಡಾಗುತ್ತದೆ.

ಬಣ್ಣದ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಬಿ.ಎಂ. ರಸ್ತೆಯಲ್ಲಿ ಕಾರಿಗೆ ಬಣ್ಣ ಬೆರೆಸಿಕೊಡುವ ಅಂಗಡಿಯಲ್ಲಿ ಮಾದರಿ ತೋರಿಸಿದರೆ ನೀಲಿ ಸಿಗುತ್ತದೆ. ಚಿಕ್ಕ ವಸ್ತುವಿನ ಮೇಲೆ ಕಡು ಬಣ್ಣ ಇನ್ನೂ ಕಡುವಾಗಿ ಕಾಣುವುದರಿಂದ ಸ್ವಲ್ಪ ಬಿಳಿ ಸೇರಿಸಿಕೊಳ್ಳುತ್ತೇನೆ. ಪರೀಕ್ಷೆ ಮಾತ್ರ ಅಂಗಳದ ಬಿಸಿಲಿನಲ್ಲಲ್ಲ, ರೈಲು ಓಡುವ ಕೋಣೆಯ ದೀಪದ ಕೆಳಗೇ ನಡೆಯಬೇಕು. ಹಗಲಿನಲ್ಲಿ ಒಂದೇ ಎನಿಸಿದ ಎರಡು ನೀಲಿಗಳು ದೀಪದಡಿಯಲ್ಲಿ ಬೇರೆಬೇರೆಯಾಗಿ ಕಾಣಬಹುದು. ಮಳೆಗಾಲದಲ್ಲಿ ವಾರ್ನಿಷ್ ಸಿಂಪಡಿಸುವ ಆಸೆಯನ್ನೇ ಬಿಡಬೇಕು. ಗಾಳಿಯ ತೇವಕ್ಕೆ ಮೇಲ್ಮೈ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಸುಗೆಯ ಕೆಲಸ ಇದ್ದೇ ಇದೆ.

ಇನ್ನು ಬೆಳಕು. ನನ್ನ ಹಳಿ ಸಕಲೇಶಪುರದಿಂದ ದೋಣಿಗಾಲ್ ದಾಟಿ ಘಟ್ಟಕ್ಕೆ ಇಳಿಯುವ ದಾರಿಯನ್ನು ನೆನಪಿಗೆ ತರುವಂಥದ್ದು. ಸುಬ್ರಹ್ಮಣ್ಯ ರೋಡ್‌ವರೆಗಿನ ಆ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗಗಳಿವೆ. ಹೀಗಾಗಿ ಹಗಲು ರೈಲಿಗೂ ಒಳಗಿನ ದೀಪ ಅಲಂಕಾರವಲ್ಲ, ಅಗತ್ಯ. ಏರು 50ಕ್ಕೆ 1. ಅದನ್ನೇ ಕೋಣೆಯೊಳಗೂ ಇಟ್ಟುಕೊಂಡಿರುವುದರಿಂದ ವಿದ್ಯುತ್ ಎಳೆಯುವ ತಂತಿ ಚಕ್ರಕ್ಕೆ ಬ್ರೇಕ್ ಹಾಕಿದಂತಾಗಬಾರದು.

ಲೋಹದ ಚಕ್ರಗಳ ಜೋಡಿಯಲ್ಲಿ ಒಂದು ಚಕ್ರ ಅಚ್ಚಿನಿಂದ (ಎರಡನ್ನೂ ಜೋಡಿಸುವ ಸರಳಿನಿಂದ) ವಿದ್ಯುತ್ ಹರಿಯದಂತೆ ಬೇರ್ಪಟ್ಟಿರುತ್ತದೆ, ಇನ್ನೊಂದು ವಿದ್ಯುತ್ ಹರಿಯುವಂತೆ ಅಚ್ಚಿಗೆ ಅಂಟಿಕೊಂಡಿರುತ್ತದೆ. ಮುಂದಿನ ಟ್ರಕ್ಕಿನಲ್ಲಿ ಅಂಟಿದ ಚಕ್ರಗಳೆಲ್ಲ ಎಡಕ್ಕೆ, ಹಿಂದಿನದರಲ್ಲಿ ಬಲಕ್ಕೆ ಬರುವಂತೆ ತಿರುಗಿಸಿ ಕೂರಿಸುತ್ತೇನೆ. ಆಗ ಒಂದು ಟ್ರಕ್ ಎಡ ಹಳಿಯಿಂದ, ಇನ್ನೊಂದು ಬಲ ಹಳಿಯಿಂದ ವಿದ್ಯುತ್ ತರುತ್ತದೆ. ಕೂದಲಿನಷ್ಟು ಸಪೂರವಾದ ಫಾಸ್ಫರ್ ಬ್ರಾಂಜ್ ತಂತಿಯನ್ನು ಅಚ್ಚಿನ ಮೇಲೆ ಸುಮ್ಮನೆ ಸವರುವಂತೆ ಬಾಗಿಸಿದರೆ ಸಾಕು. ಅಚ್ಚು ಚಕ್ರಕ್ಕಿಂತ ಎಷ್ಟೋ ಸಣ್ಣದಾದ್ದರಿಂದ ಅಲ್ಲಿನ ಘರ್ಷಣೆ ಚಕ್ರದ ಅಂಚನ್ನು ಉಜ್ಜುವಷ್ಟು ತಡೆಯುವುದಿಲ್ಲ. ತಳ್ಳಿ ಬಿಟ್ಟ ಬೋಗಿ ತಾನಾಗಿ ಉರುಳಿ ನಿಧಾನವಾಗಿ ನಿಲ್ಲಬೇಕು. ತಟ್ಟನೆ ನಿಂತರೆ ತಂತಿಯನ್ನು ಸಡಿಲಿಸುತ್ತೇನೆ.

ನನ್ನ ಹಳಿ ಡಿಸಿಸಿ ವ್ಯವಸ್ಥೆಯದು, ಅಂದರೆ ಇಂಜಿನ್‌ಗೆ ಡಿಜಿಟಲ್ ಸಂಕೇತ ಕಳಿಸಿ ಓಡಿಸುವಂಥದ್ದು, ಹಳಿಯಲ್ಲಿ ಸುಮಾರು 15 ವೋಲ್ಟ್ ಸದಾ ಇರುತ್ತದೆ. ಹಳಿಯ ವೋಲ್ಟೇಜನ್ನೇ ಏರಿಳಿಸಿ ರೈಲು ಓಡಿಸುವ ಸಾದಾ ಡಿಸಿ ಹಳಿಯವರಿಗೆ ರೈಲು ನಿಂತೊಡನೆ ದೀಪವೂ ಆರುತ್ತದೆ. ಅವರಿಗೆ ಗುಂಡಿ ಬ್ಯಾಟರಿಯೂ ಚಾವಣಿಯಡಿಯ ರೀಡ್ ಸ್ವಿಚ್ಚೂ ಹೆಚ್ಚು ನೆಮ್ಮದಿ, ಆಯಸ್ಕಾಂತ ಹತ್ತಿರ ತಂದರೆ ಹೊತ್ತಿಕೊಳ್ಳುತ್ತದೆ. ನಾನು ಬಳಸುವುದು 12 ವೋಲ್ಟಿನ ಎಲ್‌ಇಡಿ ಪಟ್ಟಿ. ಮೂರು ದೀಪಗಳಿಗೊಮ್ಮೆ ಕತ್ತರಿಸಬಹುದಾದ ಈ ಪಟ್ಟಿಯ ನಾಲ್ಕು ತುಂಡು ಒಂದು ಬೋಗಿಗೆ ಸರಿಹೋಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದಾಗ ಇಡೀ ರೇಕ್‌ಗೆ ಬೇಕಾದಷ್ಟನ್ನು ಒಂದೇ ಸುರುಳಿಯಿಂದ ಕೊಳ್ಳುತ್ತೇನೆ. ‘ವಾರ್ಮ್ ವೈಟ್’ ಎಂದು ಬರೆದ ಎರಡು ಸುರುಳಿಗಳ ಬಿಳುಪು ಒಂದೇ ಆಗಿರಬೇಕೆಂದೇನೂ ಇಲ್ಲ.

ಹಳಿಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಲು ಬ್ರಿಜ್ ರೆಕ್ಟಿಫೈಯರ್, ಅದರಾಚೆ ಒಂದಿಷ್ಟು ವಿದ್ಯುತ್ ಕೂಡಿಟ್ಟುಕೊಳ್ಳುವ 1000 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್. ಹಳಿಯ ಕೊಳಕಿನ ಮೇಲೆ ದೀಪ ಮಿಣುಕದಂತೆ ಕಾಯುವುದು ಇದೇ. ಇದನ್ನು ಬಚ್ಚಿಡಲು ಶೌಚಾಲಯಕ್ಕಿಂತ ಒಳ್ಳೆಯ ಜಾಗವಿಲ್ಲ: ಬೋಗಿಯ ತುದಿಯಲ್ಲಿದೆ, ಕಿಟಕಿಗೆ ಮಸುಕು ಗಾಜಿದೆ, ಒಳಗೆ ಇಣುಕುವವರಿಲ್ಲ. ಹಳಿಗೆ ವಿದ್ಯುತ್ ಕೊಟ್ಟ ಕ್ಷಣ ಎಲ್ಲ ಬೋಗಿಗಳ ಕೆಪಾಸಿಟರ್‌ಗಳೂ ಒಟ್ಟಿಗೆ ತುಂಬಿಕೊಳ್ಳಲು ಹೋಗಿ ಡಿಸಿಸಿ ಪೆಟ್ಟಿಗೆ ಟ್ರಿಪ್ ಆಗದಿರಲು, ಪ್ರತಿಯೊಂದಕ್ಕೂ ತುಂಬುವ ವೇಗ ತಗ್ಗಿಸುವ 100 ಓಮ್‌ನ ರೆಸಿಸ್ಟರ್ ಮತ್ತು ತುಂಬಿದ್ದು ಸರಾಗವಾಗಿ ಹೊರಬರಲು ಅದಕ್ಕೆ ಸಮಾನಾಂತರವಾಗಿ ಡಯೋಡ್ ಹಾಕುತ್ತೇನೆ.

ಪಟ್ಟಿಯನ್ನು ನೇರವಾಗಿ ಉರಿಸಿದರೆ ಬೋಗಿ ಮದುವೆ ಮಂಟಪದಂತೆ ಝಗಝಗಿಸುತ್ತದೆ. ಸರಣಿಯಲ್ಲಿ ಒಂದು ಕಿಲೋ ಓಮ್ ಸೇರಿಸಿ, ಜೊತೆಗೆ ತಿರುಗಿಸಿ ಬೆಳಕು ಹೆಚ್ಚು–ಕಡಿಮೆ ಮಾಡುವ ಟ್ರಿಮ್ಮರ್ ಇಡುತ್ತೇನೆ. ಹೊಂದಿಕೆಯ ನಿಜವಾದ ಕೆಲಸ ಇಲ್ಲಿದೆ. ಕೋಣೆ ಕತ್ತಲು ಮಾಡಿ, ಬೋಗಿಗಳನ್ನು ಸಾಲಾಗಿ ನಿಲ್ಲಿಸಿ, ಮೊಬೈಲ್ ಕ್ಯಾಮೆರಾದ ಎಕ್ಸ್‌ಪೋಷರನ್ನು ಲಾಕ್ ಮಾಡಿ ಚಿತ್ರ ತೆಗೆದು ಅದನ್ನು ಕಪ್ಪು–ಬಿಳುಪಿಗೆ ತಿರುಗಿಸುತ್ತೇನೆ. ಕಣ್ಣು ಕತ್ತಲೆಗೆ ಹೊಂದಿಕೊಂಡು ಮೋಸ ಮಾಡುತ್ತದೆ, ಲಾಕ್ ಆದ ಕ್ಯಾಮೆರಾ ಮಾಡುವುದಿಲ್ಲ. ಯಾವ ಬೋಗಿ ಎದ್ದು ಕಾಣುತ್ತದೋ ಅದರ ಟ್ರಿಮ್ಮರ್ ಕಿವಿ ಹಿಂಡುವುದು. ಒಳಗೋಡೆಗೆ ಮೊದಲು ಕಪ್ಪು, ಅದರ ಮೇಲೆ ತಿಳಿ ಹಸಿರು ಬಳಿಯದಿದ್ದರೆ ಪ್ಲಾಸ್ಟಿಕ್ ಗೋಡೆಯೇ ಲಾಟೀನಾಗುತ್ತದೆ. ಬೆಳಕು ಸೋರದಂತೆ ಚಾವಣಿಯ ಸಂದಿಗೆ ಕಪ್ಪು ಫೋಮಿನ ಎಳೆ ಇಡುತ್ತೇನೆ.

ಎಲ್ಲ ಬೋಗಿಗಳೂ ಒಂದೇ ಪ್ರಕಾಶದಲ್ಲಿರಬೇಕು ಎಂದು ಇದರರ್ಥವಲ್ಲ. ಒಂದೇ ವರ್ಗದವು ಒಂದೇ ಥರ ಇರಲಿ. ಎಸಿ ಬೋಗಿಯ ಬಣ್ಣದ ಗಾಜಿನ ಹಿಂದೆ ಬೆಳಕು ಮಂದವಾಗಿರಬೇಕು. ಜನರಲ್ ಬೋಗಿಯಲ್ಲಿ ಮಧ್ಯರಾತ್ರಿಯಲ್ಲೂ ದೀಪ ಉರಿಯುತ್ತಿರಬೇಕು. ಸ್ಲೀಪರ್‌ನಲ್ಲಿ ರಾತ್ರಿ ಹತ್ತರ ನಂತರ ಉಳಿಯುವುದು ನೀಲಿ ರಾತ್ರಿದೀಪ ಮತ್ತು ಬಾಗಿಲ ಬಳಿಯ ಬಿಳಿ ದೀಪ. ಅದಕ್ಕಾಗಿ ಒಂದೆರಡು ಸ್ಲೀಪರ್‌ಗಳಲ್ಲಿ ಬೇರೆಯೇ ನೀಲಿ ಎಲ್‌ಇಡಿ ಹಾಕಿ, ತಳಭಾಗದಲ್ಲಿ ಪುಟ್ಟ ಸ್ವಿಚ್ ಇಟ್ಟಿದ್ದೇನೆ. ಎಲ್ಲ ಸ್ಲೀಪರ್‌ಗಳಿಗೂ ಇದನ್ನು ಮಾಡುವ ತಾಳ್ಮೆ ನನಗಿಲ್ಲ.

ಕೊನೆಯ ಬೋಗಿಯ ಹಿಂಬದಿಯ ಮಿನುಗುವ ಕೆಂಪು ದೀಪಕ್ಕೆ ತಾನಾಗಿಯೇ ಮಿಟುಕುವ ಎಲ್‌ಇಡಿ ಸಿಗುತ್ತದೆ. ಅದಕ್ಕೆ ರೆಕ್ಟಿಫೈಯರ್ ಆದ ಮೇಲೆ ಪ್ರತ್ಯೇಕ ರೆಸಿಸ್ಟರ್ ಕೊಡಿ. ಒಳದೀಪದ ರೆಸಿಸ್ಟರನ್ನೇ ಹಂಚಿಕೊಂಡರೆ, ಕೆಂಪು ದೀಪ ಮಿಟುಕಿದಾಗಲೆಲ್ಲ ಬೋಗಿಯ ಬೆಳಕೂ ಜೊತೆಗೆ ಮಿಟುಕುತ್ತದೆ.